ಪೆರುಂಗುಡಿಯ ಮಣ್ಣಿಗೆ ಸೈಪ್ರೆಸ್ ಒಗ್ಗೀತೆ?

(ವಾಚನಾಲಯದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಗೋಡೆಯುದ್ದಕ್ಕೂ ಸೈಪ್ರೆಸ್ ಗಿಡಗಳ ಸಾಲು ನೆಡಬೇಕೆಂಬ ಸಲಹೆ ಬಂದಿದೆ. ಬೆಂಗಳೂರಿನ ಲಾಲ್‌ಬಾಗನ್ನು ಕಂಡವರ ಆಸೆ ಅದು, ಆಸೆ ತಪ್ಪಲ್ಲ. ಆದರೆ ಗಿಡ ಕೊಳ್ಳುವ ಹಣ ತಾವೆಲ್ಲ ಸಂಬಳದ ದಿನ ತೆಗೆದಿಟ್ಟು ಕೊಟ್ಟ ಚಂದಾ. ಆದುದರಿಂದ ಕೊಳ್ಳುವ ಮುನ್ನ ಆ ಮರದ ಸ್ವಭಾವವನ್ನಿಷ್ಟು ತಿಳಿಯೋಣ. ನಾನು ಸಸ್ಯಶಾಸ್ತ್ರ ಕಲಿತವನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವನು. ಲೆಕ್ಕದ ಮಾತೇ ಹೆಚ್ಚಾದರೆ ಮನ್ನಿಸಬೇಕು.

ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದ. 1800ರಲ್ಲಿ ಬುಕನನ್ ಎಂಬ ವೈದ್ಯ ಇದೇ ಮದರಾಸಿನಿಂದ ಹೊರಟು ಬೆಂಗಳೂರಿಗೆ ಹೋಗಿ ಆ ತೋಟವನ್ನು ನೋಡಿದ. ದಾರಿಗಳ ಇಕ್ಕೆಲದಲ್ಲೂ ಸೊಗಸಾದ ಸೈಪ್ರೆಸ್ ಮರಗಳಿದ್ದುವೆಂದೂ ಅಲ್ಲಿಯ ಹವೆಯಲ್ಲಿ ಅವು ಹುಲುಸಾಗಿ ಬೆಳೆಯುವುವೆಂದೂ ಬರೆದಿಟ್ಟಿದ್ದಾನೆ. ಅಲ್ಲಿಯ ಹವೆಯಲ್ಲಿ ಎಂಬ ಮಾತನ್ನು ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದೆ, ಊಟಿ 7000 ಅಡಿಗೂ ಮೇಲೆ. ನಾವಿರುವುದು ಕಡಲಿಗಿಂತ ಕೆಲವೇ ಅಡಿ ಮೇಲೆ, ಪಳ್ಳಿಕರಣೆಯ ಜೌಗಿನ ಮಗ್ಗುಲಲ್ಲಿ.

ಸೈಪ್ರೆಸ್ ಬಿಸಿಲಿಗೆ ಅಂಜುವ ಮರವಲ್ಲ. ಬಿಸಿಲು ಅದಕ್ಕೆ ಬೇಕೇ ಬೇಕು. ಅದು ಅಂಜುವುದು ಬುಡದಲ್ಲಿ ನಿಂತ ನೀರಿಗೆ. 2015ರ ಡಿಸೆಂಬರಿನಲ್ಲಿ ಈ ಕಡೆ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆಗ ಇಲ್ಲಿದ್ದವರು ಮರೆತಿರಲಾರರು. ಅಷ್ಟೇಕೆ, ಸಾಧಾರಣ ವರ್ಷದ ಐಪ್ಪಸಿ ಮಳೆಯೇ ಸಾಕು, ಬೇರು ಕೊಳೆಯಲು. ಇನ್ನೊಂದು ಮೋಸವಿದೆ: ಬೇರು ಸತ್ತ ಸುದ್ದಿ ಎಲೆಗೆ ತಡವಾಗಿ ಮುಟ್ಟುತ್ತದೆ. ಗಿಡ ಕೆಲವು ವಾರ ಹಸಿರಾಗಿಯೇ ಕಾಣುತ್ತದೆ. ಒಮ್ಮೆ ಕಂದಾಗಿ ಬೋಳಾದ ರೆಂಬೆ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಕತ್ತರಿ ಹಾಕುವವರೂ ಹಸಿರಿರುವಲ್ಲಿಯೇ ನಿಲ್ಲಿಸಬೇಕು.

ಕಡಲ ಮರಳಿಗೆ ಒಗ್ಗಿದ್ದು ನಮ್ಮ ಸರ್ವೆ. ಇಲ್ಲಿಯವರು ಸವುಕ್ಕು ಎನ್ನುತ್ತಾರೆ. ಗಾರೆ ಕೆಲಸದವರು ಅಟ್ಟಣೆ ಕಟ್ಟುವ ಕಂಬ ಅದೇ. ಪಾರಸಿ ಭಾಷೆಯಲ್ಲಿ ಸೈಪ್ರೆಸ್ಸಿಗೆ 'ಸರ್ವ್' ಎಂದೇ ಹೆಸರು! ಹೆಸರು, ರೂಪು ಹತ್ತಿರವಾದರೂ ಕುಲ ಬೇರೆ. ಸರ್ವೆಯ ಸೂಜಿಯನ್ನು ಎಳೆದು ನೋಡಿ, ಗಿಣ್ಣು ಗಿಣ್ಣಾಗಿ ಬಿಡಿಸಿ ಬರುತ್ತದೆ. ಅದು ಎಲೆಯೇ ಅಲ್ಲ, ಸಣ್ಣ ಕಡ್ಡಿ. ಆದರೆ ಬೇಗ ಎತ್ತರವಾಗುವ ಈ ಮರ ಮನೆಯ ಗೋಡೆಗೆ ತೀರ ಹತ್ತಿರ ಬೇಡ. 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತದಲ್ಲಿ ಚೆನ್ನೈಯಲ್ಲಿ ಸಾವಿರಾರು ಮರಗಳು ಉರುಳಿದವು.

ಸಾಲೇ ಬೇಕಾದರೆ ಉಬ್ಬಿನ ಮರ ಹಾಕೋಣ. ತಮಿಳಿನಲ್ಲಿ ನೆಟ್ಟಿಲಿಂಗಂ; ಅಶೋಕವೆಂದು ಮಾರುತ್ತಾರೆ, ಸೀತಾಮಾತೆಯ ಅಶೋಕವಲ್ಲ. ಕಂಬದಂತೆ ನೇರ ಬೆಳೆಯುವ ಜಾತಿಯನ್ನು ಕೇಳಿ ತರಬೇಕು. ಅದರ ಹಣ್ಣಿಗೆ ಕೋಗಿಲೆ ಬರುತ್ತದೆ. ನನಗೆ ಕೇಳಿದರೆ ಸಾಲಿಗಿಂತ ನೆರಳು ದೊಡ್ಡದು. ಸಂಜೆ ಒಳಗೆ ಜಾಗ ಸಾಲದೆ ಹೊರಗೆ ನಿಂತು ಪತ್ರಿಕೆ ಓದುವವರಿದ್ದಾರೆ. ಸೈಪ್ರೆಸ್ ಅವರಿಗೆ ಛತ್ರಿಯಷ್ಟೂ ನೆರಳು ಕೊಡದು. ಜಗಲಿಯ ಮುಂದೆ ಎರಡು ಹೊಂಗೆ ಬರಲಿ. ಹೊಂಗೆ ಉಪ್ಪು ಮಣ್ಣನ್ನೂ ನಿಂತ ನೀರನ್ನೂ ತಾಳುತ್ತದೆ.

ಇಷ್ಟು ಹೇಳಿದರೂ ಸೈಪ್ರೆಸ್ಸಿನ ಮೇಲೆ ಮನಸ್ಸಿರುವವರು ಒಂದೇ ಗಿಡ ತನ್ನಿ, ದೊಡ್ಡ ಕುಂಡದಲ್ಲಿಡಿ. ತಳದಲ್ಲಿ ತೂತು, ತೂತಿನ ಮೇಲೆ ಹೆಂಚಿನ ಚೂರು, ಮಣ್ಣಿಗೆ ಧಾರಾಳವಾಗಿ ಮರಳು ಬೆರೆಯಲಿ. ಬೆರಳು ಊರಿ ನೋಡಿ, ಮೇಲುಮಣ್ಣು ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಸೂರಿನ ನೀರು ಬೀಳದ ಕಡೆ ಸರಿಸಬೇಕು. ನೆಲದಲ್ಲಿಯೇ ನೆಡುವೆನೆಂದರೆ ಗುಂಡಿಗಿಂತ ದಿಬ್ಬ ಲೇಸು: ಒಂದೂವರೆ ಅಡಿ ಮಣ್ಣೇರಿಸಿ, ಮಳೆ ಕಳೆದ ಮೇಲೆ, ಜನವರಿಯಲ್ಲಿ ನೆಡಿ.

ಅಧ್ಯಕ್ಷರು ಒಪ್ಪಿದರೆ ಹೊಂಗೆಯ ಗುಂಡಿಗಳನ್ನು ಬರುವ ಭಾನುವಾರ ಬೆಳಿಗ್ಗೆಯೇ ತೆಗೆಯಬಹುದು. ಹಾರೆ, ಗುದ್ದಲಿ ಇದ್ದವರು ದಯವಿಟ್ಟು ತರಬೇಕು. ನಮ್ಮಲ್ಲಿ ಇರುವುದು ಒಂದೇ ಗುದ್ದಲಿ, ಅದರ ಕಾವೂ ಸಡಿಲ.