ಕೆ. ಎಸ್. ರಾವ್ ರಸ್ತೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದವರು ದಿನವೂ ತುಳಿಯುವ ರಸ್ತೆ ಅದು. ಬಟ್ಟೆ ಅಂಗಡಿ, ಚಿನ್ನದಂಗಡಿ, ನೂಕುನುಗ್ಗಲು. ಫಲಕದ ಮೇಲೆ ಕೆ. ಎಸ್. ರಾವ್ ಎಂದಷ್ಟೇ ಇದೆ. ಆ ಎರಡಕ್ಷರಗಳ ಹಿಂದಿರುವವರು ಕಾರ್ನಾಡು ಸದಾಶಿವ ರಾವ್.

1881ರಲ್ಲಿ ಹುಟ್ಟಿದ್ದು ಸಿರಿವಂತ ಮನೆಯಲ್ಲಿ. ಮದರಾಸಿನಲ್ಲಿ ಪದವಿ, ಮುಂಬಯಿಯಲ್ಲಿ ಕಾನೂನು ಓದಿ ಮಂಗಳೂರಿನಲ್ಲಿ ವಕೀಲರಾದರು. ಕರಿಕೋಟು ತೊಟ್ಟು ಕೈತುಂಬ ಗಳಿಸುತ್ತ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭೆ ಕಟ್ಟಿದರು. ದಿಕ್ಕಿಲ್ಲದ ಹೆಂಗಸರು ಕೈಕೆಲಸ ಕಲಿತು ತಮ್ಮ ಅನ್ನ ತಾವೇ ದುಡಿಯಲೆಂದು. ನನಗೆ ಅವರ ರಾಜಕೀಯಕ್ಕಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

1919ರಲ್ಲಿ ಗಾಂಧೀಜಿಯ ಸತ್ಯಾಗ್ರಹ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು ಇವರೇ. ಆಮೇಲೆ ವಕೀಲಿ ಬಿಟ್ಟರು, ಜೈಲು ಕಂಡರು. ಪಿತ್ರಾರ್ಜಿತ ಆಸ್ತಿ ಚಳವಳಿಗೆ, ಕೈಚಾಚಿದವರಿಗೆ ಕರಗಿಹೋಯಿತು. ಕೊಟ್ಟದ್ದನ್ನು ಬರೆದಿಡುವ ಅಭ್ಯಾಸ ಇಂಥವರಿಗೆ ಇರುವುದಿಲ್ಲ ನೋಡಿ.

1936ರ ಡಿಸೆಂಬರಿನಲ್ಲಿ ಫೈಜ್‌ಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಹಳ್ಳಿಯೊಂದರಲ್ಲಿ ನಡೆದ ಮೊದಲನೆಯದು. ಅಲ್ಲಿಗೂ ಹೋದರು. ಅಲ್ಲೇ ಕಾಯಿಲೆ ಬಿದ್ದರು. 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ, ಲಕ್ಷಗಟ್ಟಲೆ ಆಸ್ತಿಯಿದ್ದ ಆ ಮನೆತನದಲ್ಲಿ ಉಳಿದದ್ದು ಬರಿಗೈ.

ಬೆಂಗಳೂರಿನಲ್ಲಿ ಸಿರಿವಂತರ ಬಡಾವಣೆಯೊಂದಿದೆ, ಸದಾಶಿವನಗರ. ಅದಕ್ಕೂ ಇವರದೇ ಹೆಸರು.