ಇಬ್ಬರ ನಡುವೆ ಕೂರುವ ಕೆಲಸ

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸುತ್ತಿದೆ. "ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಮೀಡಿಯೇಟರ್ ಆಗಬಹುದೇ? ಲಾ ಓದಿಲ್ಲ, ಆರ್ಬಿಟ್ರೇಟರ್ ಆಗಬಹುದೇ? ಎರಡೇ ದಿನದಲ್ಲಿ ಸರ್ಟಿಫಿಕೇಟ್ ಕೊಡುತ್ತಾರಂತೆ, ನಂಬಬಹುದೇ?" ಮುಂಬಯಿಯಂಥ ಊರಿನಲ್ಲಿ ಇದು ಸಹಜವೇ. ಹೋಟೆಲ್ ಪಾಲುದಾರರ ಜಗಳ, ಹೌಸಿಂಗ್ ಸೊಸೈಟಿಯ ತಕರಾರು, ಊರಿನ ಆಸ್ತಿಗಾಗಿ ಇಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು. ಇವರ ನಡುವೆ ಕೂತು ಮಾತಾಡಿಸುವ ಹಿರಿಯರು ನಮ್ಮ ಸಂಘಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಆ ಹಿರಿತನ ಕಾನೂನಿನ ಮುಂದೆ ಎಷ್ಟು ನಡೆಯುತ್ತದೆ ಎಂಬುದೇ ಈಗಿನ ಪ್ರಶ್ನೆ.

ಮೊದಲು ಪದಗಳ ಗೊಂದಲ ಬಿಡಿಸೋಣ. ಕನ್ನಡ ಬಿ.ಎ. ಓದಿದವರಿಗೆ ಈ ಚಪಲ ಬಿಡದು! ನಮ್ಮ ಪತ್ರಿಕೆಗಳು ಮೀಡಿಯೇಶನ್‌ಗೂ ಮಧ್ಯಸ್ಥಿಕೆ ಎನ್ನುತ್ತವೆ, ಆರ್ಬಿಟ್ರೇಶನ್‌ಗೂ ಮಧ್ಯಸ್ಥಿಕೆ ಎನ್ನುತ್ತವೆ. ಆದರೆ ಎರಡೂ ಬೇರೆ ಬೇರೆ. ಆರ್ಬಿಟ್ರೇಟರ್ ಎರಡೂ ಕಡೆಯ ಸಾಕ್ಷ್ಯ ನೋಡಿ, ವಾದ ಕೇಳಿ, ತೀರ್ಪು ಬರೆಯುತ್ತಾರೆ. ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ. ಮೀಡಿಯೇಟರ್‌ಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಇಬ್ಬರೂ ತಾವಾಗಿ ಒಪ್ಪಂದಕ್ಕೆ ಬರುವಂತೆ ದಾರಿ ಮಾಡಿಕೊಡುವುದಷ್ಟೇ ಅವರ ಕೆಲಸ. ಗೊಂದಲ ನಮ್ಮದೊಬ್ಬರದೇ ಅಲ್ಲ ಬಿಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್‌ನಲ್ಲಿ 'ಮೀಡಿಯೇಶನ್' ಮತ್ತು 'ಜುಡಿಷಿಯಲ್ ಸೆಟಲ್‌ಮೆಂಟ್' ಎಂಬ ಎರಡು ಪದಗಳ ವ್ಯಾಖ್ಯಾನಗಳೇ ಅದಲು ಬದಲಾಗಿವೆ ಎಂದು 2010ರ ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆ ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ಈಗ ತರಬೇತಿಗೆ ಬರೋಣ. ಮೀಡಿಯೇಟರ್ ಆಗಲು ನಮ್ಮ ದೇಶದಲ್ಲಿ ಎಲ್ಲರೂ ಒಪ್ಪಿರುವ ಅಳತೆ 40 ಗಂಟೆ. 2005ರಲ್ಲಿ ಸುಪ್ರೀಂ ಕೋರ್ಟು ಮೀಡಿಯೇಶನ್ ಮತ್ತು ಕನ್ಸಿಲಿಯೇಶನ್ ಯೋಜನಾ ಸಮಿತಿಯನ್ನು ರಚಿಸಿತು. 40 ಗಂಟೆಯ ತರಬೇತಿ, ಅದರ ಮೇಲೆ ಕನಿಷ್ಠ 10 ನಿಜವಾದ ಪ್ರಕರಣಗಳ ಅನುಭವ ಬೇಕು ಎಂದು ಹೇಳಿದ್ದು ಆ ಸಮಿತಿಯೇ. 40 ಗಂಟೆ ಎಂದರೆ ಐದಾರು ದಿನ ಬೆಳಗಿನಿಂದ ಸಂಜೆಯವರೆಗೆ. ಕಾನೂನಿನ ಪಾಠ ಅದರಲ್ಲಿ ಕಡಿಮೆ. ಹೆಚ್ಚಿನ ಹೊತ್ತು ಒಂದು ಬಗೆಯ ನಾಟಕ. ಒಬ್ಬರು ಮುನಿಸಿಕೊಂಡ ಗಂಡ, ಇನ್ನೊಬ್ಬರು ಹೆಂಡತಿ, ಮೂರನೆಯವರು ಮೀಡಿಯೇಟರ್. ಆರಂಭದ ಮಾತು ಹೇಗಿರಬೇಕು, ಇಬ್ಬರನ್ನೂ ಜೊತೆಗೆ ಕೂರಿಸಿ ಕೇಳುವುದು ಹೇಗೆ, ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡುವುದು ಯಾವಾಗ, ಹಾಗೆ ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಿವಿಗೆ ಹಾಕದಿರುವುದು, ಇವನ್ನೆಲ್ಲ ಮಾಡಿಸಿ ಕಲಿಸುತ್ತಾರೆ. "ಒಪ್ಪಂದ ಆಗದಿದ್ದರೆ ನಿಮ್ಮ ಮುಂದಿರುವ ದಾರಿ ಯಾವುದು?" ಎಂದು ಕೇಳಿ ಸುಮ್ಮನಿರುವುದೂ ಒಂದು ಅಭ್ಯಾಸ. ಮಾತೇ ಹೊಟ್ಟೆಪಾಡಾಗಿರುವ ನಮ್ಮಂಥ ಉದ್ಘೋಷಕರಿಗೆ ಬಹುಶಃ ಇದೇ ಕಷ್ಟದ ಪಾಠ. ರೇಡಿಯೋದಲ್ಲಿ ಹತ್ತು ಸೆಕೆಂಡು ಮೌನ ಬಂದರೆ ಡ್ಯೂಟಿ ಆಫೀಸರು ಓಡಿ ಬರುತ್ತಾರೆ. ಅಲ್ಲಿ ಆ ಹತ್ತು ಸೆಕೆಂಡೇ ಕೆಲಸ ಮಾಡುವುದು.

ತರಬೇತಿ ಮುಗಿದ ಕೂಡಲೇ ಕೋರ್ಟಿನ ಪಟ್ಟಿಗೆ ಹೆಸರು ಸೇರುವುದಿಲ್ಲ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮಾದರಿ ನಿಯಮಗಳಲ್ಲಿ ನಿವೃತ್ತ ನ್ಯಾಯಾಧೀಶರು, 15 ವರ್ಷ ವಕೀಲಿ ಮಾಡಿದವರು, ಇವರ ಜೊತೆಗೆ 15 ವರ್ಷ ಅನುಭವವಿರುವ ಇತರ ವೃತ್ತಿಯವರು ಮತ್ತು ನಿವೃತ್ತ ಹಿರಿಯ ಅಧಿಕಾರಿಗಳೂ ಇದ್ದಾರೆ. ಅಂದರೆ ವಕೀಲರಲ್ಲದವರಿಗೆ ಬಾಗಿಲು ಮುಚ್ಚಿಲ್ಲ. ಆದರೆ ಪಟ್ಟಿಗಳಲ್ಲಿ ವಕೀಲರದೇ ಬಹುಪಾಲು ಎಂಬುದು ನಿಜ. ಒಂದೊಂದು ಹೈಕೋರ್ಟಿನ ನಿಯಮ ಒಂದೊಂದು ರೀತಿ. ಮುಂಬಯಿಯಲ್ಲಿರುವವರು ಬಾಂಬೆ ಹೈಕೋರ್ಟಿನ ನಿಯಮವನ್ನೇ ನೋಡಬೇಕು. 2007ರ ಜನವರಿಯಲ್ಲಿ ಶುರುವಾದ ಬೆಂಗಳೂರು ಮೀಡಿಯೇಶನ್ ಕೇಂದ್ರದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ.

2023ರಲ್ಲಿ ಸಂಸತ್ತು ಮೀಡಿಯೇಶನ್ ಕಾಯ್ದೆಯನ್ನೇ ತಂದಿತು. ಮೀಡಿಯೇಟರ್‌ಗಳನ್ನು ನೋಂದಾಯಿಸುವುದು, ತರಬೇತಿಯ ಮಟ್ಟ ಗೊತ್ತುಮಾಡುವುದು ಭಾರತೀಯ ಮೀಡಿಯೇಶನ್ ಕೌನ್ಸಿಲ್‌ನ ಕೆಲಸ ಎಂದು ಅದು ಹೇಳುತ್ತದೆ. ಆದರೆ ಕಾಯ್ದೆ ಇಡಿಯಾಗಿ ಒಂದೇ ದಿನ ಜಾರಿಯಾಗಲಿಲ್ಲ. 2023ರ ಅಕ್ಟೋಬರ್ 9ರಂದು ಕೆಲವು ಸೆಕ್ಷನ್‌ಗಳಷ್ಟೇ ಬಂದವು. ಹಾಗಾಗಿ "ಸರ್ಕಾರಿ ಮಾನ್ಯತೆಯ ಕೋರ್ಸು" ಎಂದು ಯಾರಾದರೂ ಹೇಳಿದರೆ, ಯಾವ ಸರ್ಕಾರಿ ಸಂಸ್ಥೆಯ ಮಾನ್ಯತೆ, ಯಾವ ಆದೇಶ, ತೋರಿಸಿ ಎಂದು ಕೇಳಿ. ಶುಲ್ಕ ಕಟ್ಟುವ ಮುಂಚೆಯೇ ಕೇಳಿ.

ಆರ್ಬಿಟ್ರೇಟರ್ ಕಥೆ ಇನ್ನೊಂದು ತರಹ. 1996ರ ಕಾಯ್ದೆ ಯಾವ ಪದವಿಯನ್ನೂ ಕಡ್ಡಾಯ ಮಾಡಿಲ್ಲ. 2019ರ ತಿದ್ದುಪಡಿಯಲ್ಲಿ ಎಂಟನೇ ಅನುಸೂಚಿ ಎಂದು ಒಂದು ಪಟ್ಟಿ ಸೇರಿತ್ತು: 10 ವರ್ಷ ಅನುಭವದ ವಕೀಲ, 10 ವರ್ಷ ಅನುಭವದ ಚಾರ್ಟರ್ಡ್ ಅಕೌಂಟೆಂಟ್, ಹೀಗೆ. 2021ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗಲೂ ಆ ಹಳೆಯ ಪಟ್ಟಿ ತೋರಿಸಿ "ನಿಮಗೆ ಅರ್ಹತೆ ಇಲ್ಲ" ಎನ್ನುವವರಿದ್ದಾರೆ, ನಂಬಬೇಡಿ. ಆದರೆ ಅರ್ಹತೆ ಇದ್ದ ಮಾತ್ರಕ್ಕೆ ಕರೆ ಬರುವುದಿಲ್ಲವಲ್ಲ! ಕಾರಣ ಸಹಿತ ತೀರ್ಪು ಬರೆಯುವುದು ಕಲಿಯಬೇಕಾದ ವಿದ್ಯೆ. 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್‌ಗೆ ನಮ್ಮಲ್ಲೂ ಶಾಖೆ ಇದೆ. ಅಲ್ಲಿ ಅಸೋಸಿಯೇಟ್, ಮೆಂಬರ್, ಫೆಲೋ ಎಂದು ಮೂರು ಮೆಟ್ಟಿಲು. ಫೆಲೋ ಆಗುವ ದಾರಿಯಲ್ಲಿ ತೀರ್ಪು ಬರೆಯುವ ಪರೀಕ್ಷೆಯೇ ಇದೆ. ಖರ್ಚು ಕಡಿಮೆಯೇನಲ್ಲ. ಎಂಜಿನಿಯರುಗಳಿಗೆ, ಲೆಕ್ಕಪತ್ರ ಬಲ್ಲವರಿಗೆ ಇದು ಹೊಂದುತ್ತದೆ, ಏಕೆಂದರೆ ಕಟ್ಟಡದ ಗುತ್ತಿಗೆ, ಪಾಲುದಾರಿಕೆಯ ಲೆಕ್ಕ, ಇಂಥ ವ್ಯಾಜ್ಯಗಳಲ್ಲಿ ಆ ವಿಷಯ ಬಲ್ಲವರನ್ನೇ ಜನ ಹುಡುಕುತ್ತಾರೆ.

ನಮ್ಮ ಹೋಟೆಲಿನವರಿಗೆ ಮಾತ್ರ ಒಂದು ಮಾತನ್ನು ಒತ್ತಿ ಹೇಳಬೇಕು. ಪಾಲುದಾರಿಕೆ ಪತ್ರದಲ್ಲಿ "ಜಗಳ ಬಂದರೆ ನಮ್ಮ ಆಡಿಟರ್ ಹೇಳಿದ್ದೇ ಕೊನೆ" ಎಂದು ಬರೆಸಿರುತ್ತೀರಿ. ಅದರಲ್ಲಿ ತೊಡಕಿದೆ. 2015ರ ತಿದ್ದುಪಡಿ ಸೇರಿಸಿದ ಏಳನೇ ಅನುಸೂಚಿಯ ಪ್ರಕಾರ, ಒಂದು ಪಕ್ಷದ ನೌಕರ, ಸಲಹೆಗಾರ, ವ್ಯವಹಾರ ಸಂಬಂಧ ಉಳ್ಳವರು ಆರ್ಬಿಟ್ರೇಟರ್ ಆಗುವಂತಿಲ್ಲ. ಒಬ್ಬ ಪಾಲುದಾರನ ಅಪ್ಪ, ಅಣ್ಣ, ಮಗನೂ ಆಗುವಂತಿಲ್ಲ. ಎಷ್ಟೇ ಕೋರ್ಸು ಮಾಡಿದ್ದರೂ ಇಲ್ಲ. ಜಗಳ ಎದ್ದ ಮೇಲೆ ಎಲ್ಲರೂ ಸ್ಪಷ್ಟವಾಗಿ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಆಗಬಹುದು. ಜಗಳ ಎದ್ದ ಮೇಲೆ ಹಾಗೆ ಒಪ್ಪಿ ಸಹಿ ಹಾಕುವವರು ಎಷ್ಟು ಜನ, ನೀವೇ ಹೇಳಿ. ಪತ್ರ ಬರೆಸುವಾಗಲೇ ಹೊರಗಿನವರೊಬ್ಬರ ಹೆಸರನ್ನೋ, ನೇಮಕ ಮಾಡುವ ಸಂಸ್ಥೆಯೊಂದರ ಹೆಸರನ್ನೋ ಹಾಕಿಸುವುದು ಮೇಲು. ಮುಂಬಯಿಯಲ್ಲೇ 2016ರಿಂದ ಅಂಥ ಕೇಂದ್ರವೊಂದಿದೆ, ಮುಂಬಯಿ ಸೆಂಟರ್ ಫಾರ್ ಇಂಟರ್‌ನ್ಯಾಷನಲ್ ಆರ್ಬಿಟ್ರೇಶನ್ ಎಂದು. ಸಣ್ಣ ವ್ಯಾಜ್ಯಕ್ಕೆ ಅದರ ಶುಲ್ಕ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಆ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ. ಸರ್, ನೀವು ಮೀಡಿಯೇಶನ್ ಕಡೆಗೇ ಹೋಗಿ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಮುಂದಿನ 40 ಗಂಟೆಯ ತರಬೇತಿ ಯಾವಾಗ, ವಕೀಲರಲ್ಲದವರನ್ನು ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿ. ಅರ್ಜಿಯಲ್ಲಿ ಬಲ್ಲ ಭಾಷೆಗಳನ್ನು ಬರೆಯುವಾಗ ಮರಾಠಿ, ಹಿಂದಿ, ಇಂಗ್ಲಿಷಿನ ಜೊತೆಗೆ ಕನ್ನಡ, ತುಳು ಎಂದೂ ಬರೆಯಿರಿ. ಊರಿನ ಮನೆಯ ಪಾಲಿನ ವಿಷಯಕ್ಕೆ ಅಳುತ್ತಾ ಕೂತ ಅಮ್ಮನೊಬ್ಬರು ಹಿಂದಿಯಲ್ಲಿ ಎರಡು ವಾಕ್ಯ ಹೇಳಿ ನಿಲ್ಲಿಸಬಹುದು. ಅವರ ಮೂರನೆಯ ವಾಕ್ಯ ಕೇಳಿಸಿಕೊಳ್ಳಲು ಆ ಕೋಣೆಯಲ್ಲಿ ಕನ್ನಡ ಬಲ್ಲವರೊಬ್ಬರು ಬೇಕು.