ನರಗುಂದ ನಾಡಿನ ವೀರಗಲ್ಲುಗಳು ಮತ್ತು ನಮ್ಮ ಜವಾಬ್ದಾರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಸಾಲ, ಬೀಜ, ಗೊಬ್ಬರ, ವಸೂಲಿ ಇವುಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಮ್ಮ ನೆಲದ ಇತಿಹಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ, ಒಕ್ಕಲುತನ ಮಾಡುವವನು. ಹೊಲದಾಗ, ಬದುವಿನ ಮೇಲೆ ದಿನಾ ಕಣ್ಣಿಗೆ ಬೀಳುವ ಕಲ್ಲುಗಳ ಬಗ್ಗೆಯೇ ಮಾತಾಡುತ್ತೇನೆ.

ನರಗುಂದ, ರೋಣ, ಗಜೇಂದ್ರಗಡ ಈ ಭಾಗದ ಯಾವ ಊರಿಗೆ ಹೋದರೂ ಹನುಮಪ್ಪನ ಗುಡಿ ಮುಂದೋ, ಅಗಸಿ ಬದಿಗೋ, ಕೆರೆ ದಂಡಿಗೋ ಕೆತ್ತಿದ ಒಂದಾದರೂ ಕಲ್ಲು ಕಾಣುತ್ತದೆ. ಕೆಲವು ಊರಾಗ ಅದಕ್ಕ ಎಣ್ಣಿ ಹಚ್ಚತಾರ. ಎಳ್ಳಮಾಸಿಗೆ ಚರಗ ಚೆಲ್ಲುವಾಗ ಹೊಲದಾಗಿನ ಕಲ್ಲಿಗೂ ಒಂದು ಎಡಿ ಇಡತಾರ. ಯಾರ ಕಲ್ಲಪ್ಪಾ ಇದು ಅಂತ ಕೇಳಿದರೆ, "ಹಿರ್ಯಾರು ಮಾಡಿಕೋತ ಬಂದಾರ, ನಾವೂ ಮಾಡತೀವಿ" ಎನ್ನುತ್ತಾರೆ. ಇವೇ ವೀರಗಲ್ಲುಗಳು. ಹಳೆಗನ್ನಡದಲ್ಲಿ ಬೀರಗಲ್ಲು ಎಂದಿದ್ದಾರೆ.

ವೀರಗಲ್ಲನ್ನು ಓದಲು ಅಕ್ಷರ ಬರಬೇಕೆಂದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ ಇರುತ್ತವೆ. ಕೆಳಗಿನದರಲ್ಲಿ ಕಾಳಗ: ಕೈಯಲ್ಲಿ ಕತ್ತಿಯೋ ಬಿಲ್ಲೋ ಹಿಡಿದ ವೀರ, ಕೆಲವು ಕಲ್ಲಿನಲ್ಲಿ ಪಕ್ಕದಲ್ಲಿ ದನಗಳ ಸಾಲು. ನಡುವಿನದರಲ್ಲಿ ಸತ್ತ ವೀರನನ್ನು ದೇವಕನ್ಯೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಲಿಂಗ, ನಂದಿ, ಕೈಮುಗಿದು ಕುಳಿತ ವೀರ. ತುದಿಗೆ ಸೂರ್ಯ ಚಂದ್ರ. ಸೂರ್ಯ ಚಂದ್ರ ಇರುವ ತನಕ ಇವನ ಹೆಸರು ಇರಲಿ ಎಂಬುದು ಅದರ ಅರ್ಥ. ಬಳೆ ತೊಟ್ಟು ಮೇಲೆತ್ತಿದ ಹೆಣ್ಣಿನ ಕೈ ಇದ್ದರೆ ಅದು ಮಾಸ್ತಿಕಲ್ಲು.

ಈ ಕಲ್ಲುಗಳಲ್ಲಿ ಇರುವವರೆಲ್ಲ ರಾಜರಲ್ಲ ಎಂಬುದನ್ನು ನಾವು ಗಮನಿಸಬೇಕು. ನಮ್ಮದು ಬೆಳ್ವೊಲ ಮುನ್ನೂರು ಎಂದು ಹೆಸರಾದ ನಾಡು. ಅಣ್ಣಿಗೇರಿ ಅದರ ರಾಜಧಾನಿ. ಎರಿಮಣ್ಣು, ಬಿಳಿಜೋಳ, ಕಡ್ಲಿ, ದನಕರುಗಳಿದ್ದ ಈ ನಾಡಿನ ಮೇಲೆ ಎಲ್ಲರ ಕಣ್ಣು. ದನ ಹೊಡೆದುಕೊಂಡು ಹೋಗಲು ಬಂದಾಗ ನಡೆದ ಜಗಳವನ್ನು ಶಾಸನಗಳು ತುರುಗಾಳಗ ಎನ್ನುತ್ತವೆ. ಹೆಣ್ಣುಮಕ್ಕಳ ಮಾನ ಕಾಯುವ ಸಲುವಾಗಿ ಸತ್ತರೆ ಪೆಣ್ಬುಯ್ಯಲ್ ಎನ್ನುತ್ತವೆ. ಹಾಗೆ ಸತ್ತವನು ಗೌಡ ಇರಬಹುದು, ದನ ಕಾಯುವವನು ಇರಬಹುದು. ಊರಿನ ಸಲುವಾಗಿ ಸತ್ತ ಅಂದಮೇಲೆ ಊರು ಅವನಿಗೆ ಕಲ್ಲು ನೆಟ್ಟಿತು. ಇದು ನಮ್ಮ ಹಿರಿಯರು ಇಟ್ಟ ಲೆಕ್ಕ.

ಈಗ 1858ಕ್ಕೆ ಬರೋಣ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ಅವರಿಗೆ ಗಂಡು ಸಂತಾನ ಇರಲಿಲ್ಲ. ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ. ಹತಾರ ಒಪ್ಪಿಸಬೇಕೆಂಬ ಕಾಯ್ದೆ ಬೇರೆ ಬಂದಿತ್ತು. ಅದೇ ಕಾಯ್ದೆ ಸಲುವಾಗಿ 1857ರ ಕೊನೆಗೆ ಮುಧೋಳ ಕಡೆಯ ಹಲಗಲಿ ಬೇಡರು ತಿರುಗಿಬಿದ್ದು ಗಲ್ಲಿಗೇರಿದ್ದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಮಂದಿ ಕೊಂದರು. ಸುರೇಬಾನ ಅಂದರೆ ನಮಗೆಲ್ಲ ಗೊತ್ತು, ಶಬರಿಕೊಳ್ಳ ಇರುವ ಊರು. ರಾಮನ ದಾರಿ ಕಾಯುತ್ತ ಶಬರಿ ಬೋರೆಹಣ್ಣು ಆರಿಸಿಟ್ಟ ಜಾಗ ಅದೇ ಎಂದು ನಮ್ಮ ಜನ ನಂಬಿಕೊಂಡು ಬಂದಿದ್ದಾರೆ. ಭಕ್ತಿಯ ಕಥೆ ಮತ್ತು ರಕ್ತದ ಕಥೆ ಎರಡೂ ಒಂದೇ ಊರಿನಲ್ಲಿ ಕೂಡಿವೆ. ಮ್ಯಾನ್ಸನ್‌ನ ರುಂಡ ತಂದು ನರಗುಂದದ ಕೆಂಪಗಸಿಗೆ ಕಟ್ಟಿದರು ಎಂಬುದು ಇವತ್ತಿಗೂ ಮನಿಮನಿಯಾಗಿನ ಮಾತು.

ಜೂನ್ 1ಕ್ಕೆ ಇಂಗ್ಲಿಷರ ದಂಡು ನರಗುಂದಕ್ಕೆ ಬಂತು. ಅದೇ ದಿನ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯರು ಹೋರಾಡಿ ಬಿದ್ದರು. ಮರುದಿನ ನರಗುಂದದ ಗುಡ್ಡದ ಕೋಟೆ ಕೈಬಿಟ್ಟಿತು. ಬಾಬಾಸಾಹೇಬರನ್ನು ತೊರಗಲ್ಲ ಕಡೆಯ ಅಡವಿಯಲ್ಲಿ ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಸಂಸ್ಥಾನ ಮುಗಿಯಿತು.

ಬಾಬಾಸಾಹೇಬರ ಹೆಸರು ಪುಸ್ತಕದಲ್ಲಿ ಇದೆ, ಅದು ಇರಲೇಬೇಕು. ಆದರೆ ಅವರ ಜೋಡಿ ಗುಡ್ಡ ಹತ್ತಿದ ಸಾಮಾನ್ಯ ಮಂದಿ ಎಷ್ಟು ಜನರ ಹೆಸರು ನಮಗೆ ಗೊತ್ತಿದೆ? ಅವರೂ ನಮ್ಮಂಥ ಊರುಗಳಿಂದಲೇ ಹೋದವರು. ಸಾವಿರ ವರ್ಷದ ಹಿಂದೆ ದನ ಕಾಯುವಾಗ ಸತ್ತವನಿಗೆ ಕಲ್ಲು ಸಿಕ್ಕಿತು. ಬಂಡಾಯ ಅಡಗಿದ ಮೇಲೆ ಸತ್ತವರ ಹೆಸರಿನಲ್ಲಿ ಕಲ್ಲು ನೆಡುವ ಧೈರ್ಯ ಯಾರಿಗೆ ಇದ್ದೀತು? ಕಲ್ಲು ಇಲ್ಲದ ಕಡೆ ಬಾಯಿಮಾತು ಎರಡು ತಲೆಮಾರು ನಿಲ್ಲುತ್ತದೆ, ಆಮೇಲೆ ಸವೆಯುತ್ತದೆ.

ಬಂಧುಗಳೇ, ಅದೇ ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟು ಆಯಿತು. ಕಾಲುವೆ ಬಂತು, ನಮ್ಮ ಕಡೆ ವರಲಕ್ಷ್ಮಿ ಹತ್ತಿ ಬಂತು. ಹಿಂದಿನಿಂದಲೇ ಅಭಿವೃದ್ಧಿ ಕರದ ನೋಟೀಸೂ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ, ಹತ್ತಿಗೆ ಬೆಲೆ ಇಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ರೈತರು ಬೀದಿಗೆ ಬಂದರು. ಗೋಳಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಅವತ್ತು ನರಗುಂದದಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಅವರೂ ಯಾರದೋ ತಾಯಿಯ ಮಕ್ಕಳೇ, ಅದನ್ನು ಮುಚ್ಚಿ ಹೇಳಬಾರದು. ಆ ಬೆಂಕಿಯಿಂದಲೇ ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು.

ಆಮೇಲೆ ನಮ್ಮ ಮಂದಿ ಮಾಡಿದ್ದೇನು? ವೀರಪ್ಪನ ಹೆಸರಿನಲ್ಲಿ ನರಗುಂದದಲ್ಲಿ ವೀರಗಲ್ಲು ನೆಟ್ಟರು. ಸ್ಮಾರಕ ಅನ್ನಲಿಲ್ಲ, ವೀರಗಲ್ಲು ಅಂತಲೇ ಕರೆದರು. ಪ್ರತಿ ವರ್ಷ ಜುಲೈ 21ಕ್ಕೆ ರೈತರು ಅಲ್ಲಿ ಕೂಡಿ ಮಾಲೆ ಹಾಕುತ್ತಾರೆ. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಧರಣಿ ಕುಳಿತವರಿಗೂ ಆ ಕಲ್ಲೇ ಧೈರ್ಯ. ಬೆಳ್ವೊಲದ ಹಳೇ ಪದ್ಧತಿ ನಮಗೇ ಗೊತ್ತಿಲ್ಲದಂತೆ ನಮ್ಮೊಳಗೆ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಹಳೇ ಕಲ್ಲುಗಳ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಕಟ್ಟಡದ ಬುನಾದಿಗೆ ಹೋಗಿವೆ. ಗುಡಿ ಜೀರ್ಣೋದ್ಧಾರದ ಹೆಸರಿನಲ್ಲಿ ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚಿದ್ದಾರೆ. ನಿಧಿ ಇದೆ ಅಂತ ಅಮಾವಾಸ್ಯೆ ರಾತ್ರಿ ಕಲ್ಲು ಕಿತ್ತು ಗುಂಡಿ ತೋಡುವವರು ಬೇರೆ. ವೀರಗಲ್ಲಿನ ಕೆಳಗೆ ಬಂಗಾರ ಯಾಕೆ ಇದ್ದೀತು? ಇದ್ದದ್ದೆಲ್ಲ ಕಲ್ಲಿನ ಮೇಲೆಯೇ ಇದೆ.

ಆದ್ದರಿಂದ ಈ ಸಭೆಯ ಮುಂದೆ ಮೂರು ವಿನಂತಿ ಇಡುತ್ತೇನೆ.

ಒಂದು, ನಮ್ಮ ಊರ ಸೀಮೆಯೊಳಗಿನ ಎಲ್ಲ ಹಳೇ ಕಲ್ಲುಗಳ ಪಟ್ಟಿ ಆಗಬೇಕು. ಯಾರ ಹೊಲ, ಸರ್ವೇ ನಂಬರ್ ಎಷ್ಟು, ಅಕ್ಷರ ಇದೆಯೋ ಇಲ್ಲವೋ, ಮಂದಿ ಅದಕ್ಕೆ ಏನನ್ನುತ್ತಾರೆ, ಅದರ ಕಥೆ ಏನು ಇಷ್ಟನ್ನು ಒಂದು ವಹಿಯಲ್ಲಿ ಬರೆದು ಸಂಘದ ತಿಜೋರಿಯಲ್ಲಿ ಇಡೋಣ. ಹೈಸ್ಕೂಲ್ ಹುಡುಗರು ಸಂತೋಷದಿಂದ ಬರುತ್ತಾರೆ. ಲಾವಣಿ, ಡೊಳ್ಳಿನ ಪದ ಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಬೇಕು.

ಎರಡು, ಕಲ್ಲಿಗೆ ಬಣ್ಣ, ಸುಣ್ಣ ಬಳಿಯುವುದು ಬೇಡ. ಎಡಿ ಇಡಿರಿ, ಕಾಯಿ ಒಡೆಯಿರಿ, ಅಕ್ಷರ ಮಾತ್ರ ಮುಚ್ಚಬೇಡಿರಿ. ಇದ್ದ ಜಾಗದಿಂದ ಕಲ್ಲು ಕೀಳುವ ಮೊದಲು ಪಂಚಾಯ್ತಿಗೆ, ಪುರಾತತ್ವ ಇಲಾಖೆಗೆ ತಿಳಿಸಿರಿ.

ಮೂರನೆಯದು ಸಂಘಕ್ಕೆ ಸಂಬಂಧಪಟ್ಟದ್ದು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಇಡೀ ದೇಶ ಅವರ ಹೆಸರು ಹೇಳುತ್ತದೆ. ನಮ್ಮ ಸಂಘಕ್ಕೂ ಮೊದಲ ಷೇರು ಹಾಕಿದವರಿದ್ದಾರೆ. ಮೊದಲ ಸದಸ್ಯರ ವಹಿ ತೆಗೆದು ನೋಡಿದರೆ ಸಹಿಗಿಂತ ಹೆಬ್ಬೆಟ್ಟೇ ಹೆಚ್ಚು. ಸಾವುಕಾರನ ಬಡ್ಡಿಗೆ ಹೆದರಿಕೊಂಡಿದ್ದ ಕಾಲದಲ್ಲಿ ಆ ಹೆಬ್ಬೆಟ್ಟು ಒತ್ತಿದ್ದು ಸಣ್ಣ ಧೈರ್ಯವಲ್ಲ. ಅವರಲ್ಲಿ ಬಹಳ ಮಂದಿ ಈಗ ಇಲ್ಲ. ಅವರೆಲ್ಲರ ಹೆಸರನ್ನು ಸಂಘದ ಗೋಡೆಗೆ ಒಂದು ಕಲ್ಲಿನಲ್ಲಿ ಕೆತ್ತಿಸಬೇಕು. ಅಧ್ಯಕ್ಷರು, ನಿರ್ದೇಶಕರು ಅಷ್ಟೇ ಅಲ್ಲ, ಹೆಬ್ಬೆಟ್ಟು ಒತ್ತಿದವರ ಹೆಸರೂ ಇರಬೇಕು. ಖರ್ಚಿನ ವಿಷಯ ಸಾಮಾನ್ಯ ಸಭೆಯಲ್ಲಿ ಮಾತಾಡೋಣ, ನನ್ನ ಪಾಲಿನದು ಮೊದಲು ಕೊಡುತ್ತೇನೆ.



ಜೈ ಕರ್ನಾಟಕ, ಜೈ ಸಹಕಾರ.